ಬಿಸಿಲಿಗೂ ಮಳೆಗೂ ಬಿಡದ ಅಂಟು

ಅಂಗಡಿ, ಬ್ಯಾಂಕು, ಆಸ್ಪತ್ರೆಗಳ ಮುಂದೆ ಈಗ ಕಾಣುವ ನಾಮಫಲಕಗಳಲ್ಲಿ ಬಹಳಷ್ಟು ಎಸಿಪಿ ಶೀಟಿನ ಮೇಲೆ ಅಕ್ರಿಲಿಕ್ ಅಕ್ಷರ ಕೂರಿಸಿದವು. ಎಸಿಪಿ ಎಂದರೆ ಎರಡು ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತಿರುಳಿಟ್ಟು ಬೆಸೆದ ಲೋಹದ ಲ್ಯಾಮಿನೇಟ್. ದಪ್ಪ ಸಾಮಾನ್ಯವಾಗಿ 3 ಅಥವಾ 4 ಮಿಲಿಮೀಟರ್. ಅಲ್ಯೂಕೋಬಾಂಡ್ ಎಂಬ ಹೆಸರಿನಲ್ಲಿ 1969ರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಹಾಳೆ ಇಂದು ಊರೂರಿನ ಬೋರ್ಡ್ ಅಂಗಡಿಗಳಲ್ಲೂ ಸಿಗುತ್ತದೆ. ಕೆಲವು ಫಲಕಗಳಲ್ಲಿ ಕ್ರಮ ತಿರುವುಮುರುವಾಗಿ, ಅಕ್ರಿಲಿಕ್ ಅಥವಾ ಪಿವಿಸಿ ಫೋಮ್ ಶೀಟಿನಲ್ಲಿ ಕೊರೆದ ಅಕ್ಷರದ ಮುಖಕ್ಕೆ ಚಿನ್ನದ ಇಲ್ಲವೇ ಸ್ಟೀಲಿನ ಹೊಳಪಿನ ತೆಳು ಲೋಹದ ಪದರ ಹಚ್ಚಿರುತ್ತಾರೆ. ಎರಡರಲ್ಲೂ ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಹಿಡಿದಿಡಬೇಕಾದದ್ದು ಅಂಟು. ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ನಿಯಮ 2024ರಲ್ಲಿ ಕರ್ನಾಟಕದಲ್ಲಿ ಬಂದ ಮೇಲೆ ಅನೇಕ ಬೋರ್ಡುಗಳು ಹೊಸದಾಗಿ ತಯಾರಾದವು. ಅವುಗಳ ಅಕ್ಷರ ಎಷ್ಟು ವರ್ಷ ಉದುರದೆ ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ಅಂಟಿನ ಆಯ್ಕೆಗೆ ಬಿಟ್ಟದ್ದು.

ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಅಂಟಿನ ಬಲವಲ್ಲ, ಬಿಸಿಲಿನ ಲೆಕ್ಕ. ಕಾದಾಗ ಎಲ್ಲ ವಸ್ತುಗಳೂ ಹಿಗ್ಗುತ್ತವೆ, ಆದರೆ ಅಕ್ರಿಲಿಕ್ ಅಲ್ಯುಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಮುಂಜಾನೆ 25 ಡಿಗ್ರಿ ಇದ್ದ ಕಡುಬಣ್ಣದ ಫಲಕ ಬೇಸಿಗೆಯ ನಡುಹಗಲಲ್ಲಿ 65 ಡಿಗ್ರಿಗೆ ಏರುವುದು ದೊಡ್ಡ ಮಾತಲ್ಲ. ಈ 40 ಡಿಗ್ರಿ ಏರಿಕೆಗೆ ಒಂದು ಮೀಟರ್ ಉದ್ದದ ಅಕ್ರಿಲಿಕ್ ಸುಮಾರು 2.8 ಮಿ.ಮೀ. ಬೆಳೆಯುತ್ತದೆ, ಅಷ್ಟೇ ಉದ್ದದ ಎಸಿಪಿ ಬೆಳೆಯುವುದು 0.9 ಮಿ.ಮೀ. ಮಾತ್ರ. ನಡುವಿನ ಸುಮಾರು 2 ಮಿ.ಮೀ. ಅಂತರದ ಎಳೆದಾಟವನ್ನು ಅಂಟು ದಿನಕ್ಕೊಮ್ಮೆಯಂತೆ ವರ್ಷಗಟ್ಟಲೆ ತಾಳಬೇಕು. ಹಾಗಾಗಿ ಕಲ್ಲಿನಂತೆ ಗಟ್ಟಿಯಾಗುವ ಅಂಟು ಇಲ್ಲಿ ಸಲ್ಲದು, ಎಳೆದಷ್ಟು ಹಿಗ್ಗಿ ಮರಳಿ ಬರುವ ಅಂಟು ಬೇಕು.

ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಈ ಪರೀಕ್ಷೆಯಲ್ಲಿ ಮೊದಲಿಗೇ ಸೋಲುತ್ತದೆ. ಅದರ ಪದರ ತೀರಾ ತೆಳು, ಪೆಡಸು. ಮೇಲಾಗಿ ಅದರ ಆವಿ ಕಪ್ಪು ಅಕ್ರಿಲಿಕ್ಕಿನ ಅಂಚಿನಲ್ಲಿ ಬಿಳಿ ಮಬ್ಬನ್ನು ಕೂರಿಸುತ್ತದೆ. ಎರಡು ಟ್ಯೂಬುಗಳ ಸಾಮಾನ್ಯ ಎಪಾಕ್ಸಿ ಲೋಹಕ್ಕೆ ಬಲವಾಗಿ ಕಚ್ಚಿಕೊಂಡರೂ ಬಾಗುವ ಗುಣ ಅದಕ್ಕೆ ಕಡಿಮೆ. ಸಣ್ಣ ಅಕ್ಷರಕ್ಕೆ ಸಾಗೀತು, ಉದ್ದನೆಯ ಪಟ್ಟಿಗೆ ಸಾಗದು. ಪ್ಲೈವುಡ್ಡಿಗೆ ಲ್ಯಾಮಿನೇಟ್ ಅಂಟಿಸುವ ರಬ್ಬರ್ ಅಂಟು ಅಗ್ಗ, ಕೈಗೆ ಪರಿಚಿತ. ಆದರೆ ಬಿಸಿಗೆ ಅದು ಮೆದುವಾಗುತ್ತದೆ, ಅದರಲ್ಲಿರುವ ದ್ರಾವಕ ಅಕ್ರಿಲಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಮೂಡಿಸಬಲ್ಲದು. ಒಳಾಂಗಣದ ಅನುಭವವನ್ನು ನೆಚ್ಚಿ ಅದನ್ನೇ ಹೊರಗೂ ಬಳಸುವುದು ತಪ್ಪು.

ಹೊರಾಂಗಣ ಫಲಕಕ್ಕೆ ಹೆಚ್ಚು ಒಪ್ಪುವುದು ಅಕ್ರಿಲಿಕ್ ಫೋಮ್ ಟೇಪ್. ಸ್ಟೇಷನರಿ ಅಂಗಡಿಯ ಬಿಳಿ ಸ್ಪಂಜಿನ ಡಬಲ್ ಟೇಪಿಗೂ ಇದಕ್ಕೂ ಹೋಲಿಕೆ ನೋಟದಲ್ಲಷ್ಟೇ. 3ಎಂ ಕಂಪನಿ 1980ರಲ್ಲಿ ವಿಎಚ್‌ಬಿ ಹೆಸರಿನಲ್ಲಿ ತಂದ ಈ ಬಗೆಯ ಟೇಪಿನಲ್ಲಿ ಫೋಮಿನ ತಿರುಳೂ ಅಕ್ರಿಲಿಕ್ ಜಾತಿಯದೇ ಆದ್ದರಿಂದ ಬಿಸಿಲಿನ ನೇರಳಾತೀತ ಕಿರಣಕ್ಕೆ ಅದು ಬೇಗ ಜಗ್ಗುವುದಿಲ್ಲ. ಪಾರದರ್ಶಕ ಅಕ್ಷರದ ಹಿಂದೆ ಅಂಟೂ ಬಿಸಿಲು ತಿನ್ನುವುದರಿಂದ ಈ ಗುಣ ಮುಖ್ಯ. ತನ್ನ ದಪ್ಪದ ಮೂರು ಪಟ್ಟಿನಷ್ಟು ಪಕ್ಕದ ಸರಿದಾಟವನ್ನು ಈ ಟೇಪ್ ತಾಳುತ್ತದೆ. ಒಂದು ಮೀಟರಿನ ಪಟ್ಟಿ ನಡುವಿನಿಂದ ಎರಡೂ ಕಡೆಗೆ ಬೆಳೆಯುವುದರಿಂದ ಪ್ರತಿ ತುದಿಯಲ್ಲಿ ಸರಿದಾಟ ಒಂದು ಮಿ.ಮೀ. ಒಳಗೇ ಇರುತ್ತದೆ. 1.1 ಮಿ.ಮೀ. ದಪ್ಪದ ಟೇಪಿಗೆ ಅದು ಸಲೀಸು. ಮೂರು ಮೀಟರಿನ ಒಂದೇ ಪಟ್ಟಿಯಾದರೆ ಮಿತಿ ಹತ್ತಿರವಾಗುತ್ತದೆ, ಆಗ ಪಟ್ಟಿಯನ್ನು ತುಂಡು ಮಾಡುವುದೇ ಮೇಲು. ಭಾರದ ಲೆಕ್ಕವೂ ಸರಳ: ಒಂದು ಕಿಲೋ ತೂಕಕ್ಕೆ ಸುಮಾರು 55 ಚದರ ಸೆಂಟಿಮೀಟರ್ ಟೇಪ್. ಆರು ಕಿಲೋ ಭಾರದ ಅಕ್ರಿಲಿಕ್ಕಿಗೆ 25 ಮಿ.ಮೀ. ಅಗಲದ ಟೇಪ್ ಸುಮಾರು 1.3 ಮೀಟರ್ ಬೇಕು. ಗಾಳಿಯ ಹೊಡೆತದ ಲೆಕ್ಕ ಬೇರೆ. ಒತ್ತಿ ಅಂಟಿಸಿದ ಮೇಲೆ ಪೂರ್ತಿ ಹಿಡಿತ ಬರಲು 72 ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಅಂಟಿಸಿ ಸಂಜೆಗೆ ಬೋರ್ಡ್ ಏರಿಸುವ ಅವಸರ ಟೇಪಿನ ಶತ್ರು.

ಮೇಲ್ಮೈ ಏರುತಗ್ಗಾಗಿದ್ದರೆ ಟೇಪಿನ ಬದಲು ಸಿಲಿಕೋನ್ ಒಳ್ಳೆಯದು. ಆದರೆ ವಿನಿಗರ್ ವಾಸನೆಯ ಸಿಲಿಕೋನ್ ಬೇಡ, ಅದು ಒಣಗುವಾಗ ಹೊರಬರುವ ಆಮ್ಲ ಲೋಹವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದ ಟ್ಯೂಬನ್ನೇ ಕೊಳ್ಳಬೇಕು. ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ಸಿಲಿಕೋನ್ ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದು, ದಿನಕ್ಕೆ ಎರಡು ಮೂರು ಮಿ.ಮೀ. ಆಳದಂತೆ. ಲೋಹವಾಗಲಿ ಅಕ್ರಿಲಿಕ್ಕಾಗಲಿ ತೇವವನ್ನು ಸುಲಭಕ್ಕೆ ಒಳಬಿಡದ್ದರಿಂದ, ಇಡೀ ಹಾಳೆಗೆ ಬಳಿದರೆ ನಡುವಿನ ಅಂಟು ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಅದನ್ನು ನಡುವೆ ಗಾಳಿಗೆ ದಾರಿ ಬಿಟ್ಟು ಸಾಲು ಸಾಲಾಗಿ ಎಳೆಯಬೇಕು. ಪಾಲಿಯುರೆಥೇನ್ ಅಂಟಿಗೂ ಇದೇ ಮಾತು. ಅದು ಬಿಸಿಲಿಗೆ ಹಳದಿಗಟ್ಟುವುದರಿಂದ ಕಾಣದ ಜಾಗಕ್ಕಷ್ಟೇ ಸೈ. ಬಲವೂ ಬಾಗುವ ಗುಣವೂ ಎರಡೂ ಬೇಕಾದ ಕಡೆ ಎರಡು ಭಾಗ ಬೆರೆಸುವ ಮೀಥೈಲ್ ಮೆಥಾಕ್ರಿಲೇಟ್ ಅಂಟು ಉಂಟು. ಬೆಲೆ, ವಾಸನೆ ಎರಡೂ ಜಾಸ್ತಿ.

ಒಳ್ಳೆಯ ಅಂಟೂ ಕೆಟ್ಟ ಮೇಲ್ಮೈಯಲ್ಲಿ ನಿಲ್ಲದು. ಎಸಿಪಿ ಮೇಲೆ ಅಂಟು ಹಿಡಿಯುವುದು ಲೋಹವನ್ನಲ್ಲ, ಅದರ ಬಣ್ಣದ ಲೇಪವನ್ನು. ಹೊರಾಂಗಣದ ಉತ್ತಮ ಎಸಿಪಿಗಳ ಪಿವಿಡಿಎಫ್ ಲೇಪ ಕೊಳೆ ಹತ್ತದಂತೆ ಮಾಡಿದ್ದು, ಅದೇ ಕಾರಣಕ್ಕೆ ಅಂಟನ್ನೂ ಸುಲಭವಾಗಿ ಹತ್ತಿಸಿಕೊಳ್ಳುವುದಿಲ್ಲ. ಅಲ್ಲಿ ನಯವಾಗಿ ಉಜ್ಜಿ ಪ್ರೈಮರ್ ಹಚ್ಚಬೇಕು. ಎಸಿಪಿ, ಅಕ್ರಿಲಿಕ್ ಎರಡರ ಮೇಲಿನ ರಕ್ಷಣಾ ಹಾಳೆಯನ್ನೂ ಕಿತ್ತ ಮೇಲೆಯೇ ಅಂಟಿಸಬೇಕು. ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿದ್ದು ಸಾಕು. ಥಿನ್ನರ್, ಅಸಿಟೋನ್ ಅಕ್ರಿಲಿಕ್ಕನ್ನು ಹಾಳು ಮಾಡುತ್ತವೆ. ಲೇಸರಿನಲ್ಲಿ ಕತ್ತರಿಸಿದ ಅಂಚಿಗೆ ಆಲ್ಕೊಹಾಲ್ ತಗುಲಿದರೂ ಬಿರುಕು ಬಿಡುವುದುಂಟು.

ತಲೆಯ ಮೇಲೆ ತೂಗುವ ಭಾರದ ಅಕ್ಷರಕ್ಕೆ ಅಂಟೊಂದನ್ನೇ ನೆಚ್ಚಬಾರದು, ಹಿಗ್ಗಲು ಎಡೆಯಿರುವಂತೆ ದೊಡ್ಡ ತೂತು ಕೊರೆದು ಸ್ಕ್ರೂ ಸಹ ಹಾಕಬೇಕು. ಬೋರ್ಡ್ ಮಾಡಿಸುವ ಮುನ್ನ ಅದೇ ಎಸಿಪಿ, ಅದೇ ಅಕ್ರಿಲಿಕ್, ಅದೇ ಅಂಟಿನ ಒಂದು ತುಂಡನ್ನು ವಾರ ಕಾಲ ತಾರಸಿಯ ಬಿಸಿಲಿಗಿಟ್ಟು, ಒಂದು ದಿನ ನೀರಿನಲ್ಲಿ ಮುಳುಗಿಸಿ, ಕಿತ್ತು ನೋಡಿ. ಎರಡೂ ಬದಿಯಲ್ಲಿ ಅಂಟು ಉಳಿದಿದ್ದರೆ ಅದು ಮೇಲ್ಮೈಗಳನ್ನು ಸರಿಯಾಗಿಯೇ ಹಿಡಿದಿದೆ. ಒಂದು ಬದಿ ನುಣ್ಣಗೆ ಬಿಟ್ಟಿದ್ದರೆ ಅಂಟನ್ನು ಬದಲಿಸುವ ಮೊದಲು ಆ ಬದಿಯನ್ನು ಇನ್ನೊಮ್ಮೆ ಉಜ್ಜಿ, ಒರೆಸಿ, ಪ್ರೈಮರ್ ಹಚ್ಚಿ ಅಂಟಿಸಿ.