ಮುರಿದ ಎಲುಬಿಗೆ ಅಂಟು

ವೃದ್ಧರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡ ವಾರ್ತೆಯನ್ನು ಕೇಳದ ಮನೆತನ ವಿರಳ. ಅಂತಹ ಮನೆಯವರು ನಮ್ಮಲ್ಲಿ ಕೇಳುವ ಪ್ರಶ್ನೆಯೊಂದುಂಟು: ಒಡೆದ ಪಿಂಗಾಣಿಯನ್ನು ಅಂಟಿಸಬಹುದಾದರೆ ಎಲುಬನ್ನೇಕೆ ಅಂಟಿಸಬಾರದು? ಸರಳು, ತಿರುಪುಗಳಿಗಾಗಿ ಮೈ ಕೊಯ್ಯಿಸಿಕೊಳ್ಳಲೇಬೇಕೇ? ಪ್ರಶ್ನೆ ಅರ್ಥಹೀನವಲ್ಲ, ವೈದ್ಯವಿಜ್ಞಾನಿಗಳೇ ಅದರ ಬೆನ್ನು ಹತ್ತಿ ಅನೇಕ ದಶಕಗಳಾದವು.

ಮೊದಲು ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಕೀಲು ಬದಲಿಸಿಕೊಂಡವರು ‘ಸಿಮೆಂಟು ಹಾಕಿ ಕೂಡಿಸಿದ್ದಾರೆ’ ಎನ್ನುವುದುಂಟು. ಆ ಸಿಮೆಂಟು ಅಂಟಲ್ಲ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿಯವರು 1958ರ ಸುಮಾರಿಗೆ, ದಂತವೈದ್ಯರು ಬಳಸುತ್ತಿದ್ದ ಅಕ್ರಿಲಿಕ್ಕನ್ನು ಸೊಂಟದ ಕೃತಕ ಕೀಲಿಗೆ ತಂದರು. ಪುಡಿಯನ್ನೂ ದ್ರವವನ್ನೂ ಕಲಸಿದರೆ ಅದು ಕಣಕದಂತಾಗಿ, ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ ಗಟ್ಟಿಯಾಗುತ್ತದೆ. ನೆಟ್ಟ ಕಂಬದ ಸುತ್ತ ಗಾರೆ ತುಂಬಿದಂತೆ, ಎಲುಬಿನ ಸೂಕ್ಷ್ಮ ರಂಧ್ರಗಳನ್ನು ಹೊಕ್ಕು ಕೀಲನ್ನು ಹಿಡಿದು ನಿಲ್ಲಿಸುತ್ತದೆ. ಅದು ಕರಗುವುದಿಲ್ಲ. ಕೃತಕ ಕೀಲಿಗೆ ಅದು ಗುಣ. ಮುರಿದ ತುಂಡುಗಳ ನಡುವೆ ಅದೇ ದೋಷ.

ಏಕೆಂದರೆ ಎಲುಬು ತನ್ನನ್ನು ತಾನೇ ಕೂಡಿಸಿಕೊಳ್ಳುತ್ತದೆ. ಮುರಿದೆಡೆ ರಕ್ತ ಹೆಪ್ಪುಗಟ್ಟಿ, ಅದರಲ್ಲಿ ಜೀವಕೋಶಗಳು ಹಬ್ಬಿ, ಮೆತ್ತನೆಯ ಗಂಟೊಂದು ಮೂಡಿ, ವಾರಗಳು ಕಳೆದಂತೆ ಸುಣ್ಣದಂಶ ತುಂಬಿ ಬಲಗೊಳ್ಳುತ್ತದೆ. ಪಟ್ಟಿ, ಸರಳು, ತಿರುಪುಗಳು ಅದುವರೆಗೆ ತುಂಡುಗಳು ಅಲುಗದಂತೆ ಹಿಡಿಯುವ ಪರಿಚಾರಕರಷ್ಟೆ. ನಡುವೆ ಕರಗದ ಪದರವಿದ್ದರೆ ಜೀವಕೋಶಗಳು ಆಚೆಗೆ ದಾಟಲಾರವು. ಆದುದರಿಂದ ಎಲುಬಿನ ಅಂಟು ರಕ್ತದಲ್ಲಿ ತೊಯ್ದ ಜಾಗದಲ್ಲಿಯೂ ಹಿಡಿಯಬೇಕು, ಭಾರ ತಾಳಬೇಕು, ವಿಷವಾಗಬಾರದು; ಎಲುಬು ಬೆಳೆದಂತೆಲ್ಲ ತಾನು ಕರಗಿ ದಾರಿ ಬಿಡಬೇಕು. ಈ ಕೊನೆಯದೇ ಅತಿ ಕಠಿಣ.

ಅಮೆರಿಕದಲ್ಲಿ 1950ರ ದಶಕದ ಕೊನೆಯಲ್ಲಿ ಪಾಲಿಯುರೆಥೇನ್ ನೊರೆಯನ್ನು ಮುರಿದ ಎಲುಬಿಗೆ ತುಂಬಿ ನೋಡಿದರು. ಸೋಂಕು ತಗುಲಿತು, ಎಲುಬುಗಳು ಕೂಡಲಿಲ್ಲ, ಕೈಬಿಟ್ಟರು. ನಮ್ಮ ಮನೆಗಳ ಫೆವಿಕ್ವಿಕ್ಕಿನ ಜಾತಿಯ ಸಯನೋಅಕ್ರಿಲೇಟ್ 1942ರಲ್ಲಿ ಹ್ಯಾರಿ ಕೂವರ್ ಅವರ ಕೈಗೆ ಆಕಸ್ಮಿಕವಾಗಿ ಸಿಕ್ಕ ವಸ್ತು. ಅದೇ ಕುಲದ, ವೈದ್ಯಕೀಯಕ್ಕೆಂದೇ ಸಿದ್ಧಪಡಿಸಿದ ಅಂಟುಗಳು ಚರ್ಮದ ಗಾಯ ಮುಚ್ಚಲು ಬಳಕೆಯಲ್ಲಿವೆ. (ಅಂಗಡಿಯ ಕೊಳವೆಯನ್ನು ಗಾಯಕ್ಕೆ ಹಿಂಡುವ ಸಾಹಸ ಯಾರೂ ಮಾಡಬಾರದು.) ಆದರೆ ಎಲುಬಿನಲ್ಲಿ ಅದು ಪೆಡಸಾಗಿ ನಿಲ್ಲುತ್ತದೆ, ಒಡೆಯುವಾಗ ಫಾರ್ಮಾಲ್ಡಿಹೈಡನ್ನು ಬಿಡುತ್ತದೆ.

ಅನಂತರ ವಿಜ್ಞಾನಿಗಳ ದೃಷ್ಟಿ ಕಡಲಿನತ್ತ ಹೊರಳಿತು. ಕ್ಯಾಲಿಫೋರ್ನಿಯಾದ ತೀರದಲ್ಲಿ ಒಂದು ಹುಳು ಮರಳು ಕಣಗಳನ್ನೂ ಚಿಪ್ಪಿನ ಚೂರುಗಳನ್ನೂ ನೀರಿನೊಳಗೇ ಅಂಟಿಸಿ ತನಗೊಂದು ಕೊಳವೆಮನೆ ಕಟ್ಟಿಕೊಳ್ಳುತ್ತದೆ. ಅದರ ಸ್ರಾವವನ್ನು ಅನುಸರಿಸಿ ಕೃತಕ ಅಂಟೊಂದನ್ನು ರೂಪಿಸಿರುವುದಾಗಿ ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೀವರ್ಟ್ ಅವರು 2009ರಲ್ಲಿ ತಿಳಿಸಿದರು. ಚೀನಾದ ಹಾಂಗ್‌ಝೌ ನಗರದ ವೈದ್ಯರು 2025ರ ಸೆಪ್ಟೆಂಬರಿನಲ್ಲಿ ‘ಬೋನ್-02’ ಎಂಬ ಅಂಟನ್ನು ಪ್ರಕಟಿಸಿದರು. ಬಂಡೆಗೆ ಕಚ್ಚಿ ನಿಲ್ಲುವ ಸಿಂಪಿಯೇ ಅದಕ್ಕೆ ಪ್ರೇರಣೆ. ಎರಡು ಮೂರು ನಿಮಿಷಗಳಲ್ಲಿ ಹಿಡಿಯುತ್ತದೆ, ಸುಮಾರು 6 ತಿಂಗಳಲ್ಲಿ ದೇಹದಲ್ಲಿ ಲೀನವಾಗುತ್ತದೆ, 150ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಲಾಗಿದೆ ಎಂಬುದು ಅವರ ಹೇಳಿಕೆ. ಸಂತೋಷದ ಸಂಗತಿಯೇ ಸರಿ. ಆದರೆ ವರುಷಗಳು ಕಳೆದ ಮೇಲೆ ಆ ಎಲುಬುಗಳು ಹೇಗಿವೆಯೆಂಬುದನ್ನು ಕಂಡೇ ತೀರ್ಮಾನಿಸಬೇಕು.

ಇಂತಹ ಅಂಟುಗಳು ಮೊದಲು ನೆರವಾಗಬಹುದಾದದ್ದು, ತಿರುಪು ಹಿಡಿಯಲಾರದಷ್ಟು ಸಣ್ಣ ಚೂರುಗಳನ್ನು ಕೂಡಿಸುವಲ್ಲಿ. ಮೈಭಾರ ಹೊರುವ ತೊಡೆಯ ಎಲುಬಿಗೆ ಇಂದಿಗೂ ಲೋಹದ ಸರಳು, ತಿರುಪು ಇಲ್ಲವೆ ಕೃತಕ ಕೀಲೇ ಗತಿ. ವೃದ್ಧರಿಗೆ ಆ ಶಸ್ತ್ರಚಿಕಿತ್ಸೆ ಒಂದೆರಡು ದಿನಗಳೊಳಗೆ ಆಗುವುದು ಲೇಸೆಂದು ವೈದ್ಯರು ಹೇಳುತ್ತಾರೆ. ಹಾಸಿಗೆಯಲ್ಲಿ ಕಳೆದ ಒಂದೊಂದು ವಾರವೂ ಶ್ವಾಸಕೋಶದ ಸೋಂಕಿಗೆ, ಬೆನ್ನಿನ ಹುಣ್ಣಿಗೆ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಎಡೆಮಾಡಿಕೊಡುತ್ತದೆ.