ಹಳೆಯ ರೇಂಜ್ ರೋವರ್ ಮತ್ತು ಕಾಣದ ಸೋರಿಕೆ

1970ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ರೇಂಜ್ ರೋವರ್, ಹೊಲದ ಕೆಸರಿಗೂ ನಗರದ ರಾಜಬೀದಿಗೂ ಸಮನಾಗಿ ಸಲ್ಲುವ ವಾಹನವೆಂದು ಹೆಸರಾಯಿತು. ಸ್ಪೆನ್ಸರ್ ಕಿಂಗ್ ಮತ್ತು ಗಾರ್ಡನ್ ಬ್ಯಾಶ್‌ಫರ್ಡ್ ರೂಪಿಸಿದ ಈ ವಾಹನದಲ್ಲಿ, ಅಮೆರಿಕದ ಬ್ಯೂಕ್ ಮೂಲದ 3.5 ಲೀಟರಿನ ಅಲ್ಯೂಮಿನಿಯಂ ವಿ-8 ಎಂಜಿನ್ ಇತ್ತು. ಮೊದಲಿಗೆ ಒಳಭಾಗ ಸರಳವಾಗಿತ್ತು. 1981ರಲ್ಲಿ ನಾಲ್ಕು ಬಾಗಿಲಿನ ಮಾದರಿ ಬಂದ ನಂತರ ವೈಭೋಗ ಬೆಳೆಯಿತು. ವಿದ್ಯುತ್ ಕಿಟಕಿ, ವಿದ್ಯುತ್ ಆಸನಗಳು ಬಂದವು. 1992ರಲ್ಲಿ ಗಾಳಿಯ ಸಸ್ಪೆನ್ಷನ್ನೂ ಸೇರಿತು. ಒಂದೊಂದು ಸೌಕರ್ಯದ ಹಿಂದೆಯೂ ಒಂದಿಷ್ಟು ತಂತಿ ಸೇರಿಕೊಂಡಿತು.

ಇಂಥ ವಾಹನವನ್ನು ಪುನರುಜ್ಜೀವಿಸುವವನಿಗೆ ಎಂಜಿನ್ನಿಗಿಂತ ವಿದ್ಯುತ್ತೇ ಹೆಚ್ಚು ಕಾಡುತ್ತದೆ. ರಾತ್ರಿ ಸರಿಯಿದ್ದ ಬ್ಯಾಟರಿ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ. ಲೆಕ್ಕ ಸರಳ: 70 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಸದಾ 1 ಆಂಪಿಯರ್ ಸೋರಿದರೆ, ಮೂರು ದಿನಕ್ಕೆ ಅದು ಖಾಲಿ. ಸೋರಿಕೆ 50 ಮಿಲಿ ಆಂಪಿಯರ್ ಮಾತ್ರವಿದ್ದರೆ ಸುಮಾರು ಎರಡು ತಿಂಗಳು ಬಾಳುತ್ತದೆ. ಬ್ಯಾಟರಿಯ ಋಣ ತುದಿಗೂ ಅದರ ಕೇಬಲ್ಲಿಗೂ ನಡುವೆ ಮೀಟರ್ ಇಟ್ಟು, ಫ್ಯೂಸುಗಳನ್ನು ಒಂದೊಂದಾಗಿ ಕಳಚಬೇಕು. ಯಾವುದನ್ನು ತೆಗೆದಾಗ ಅಂಕಿ ಇಳಿಯುವುದೋ, ದೋಷವಿರುವುದು ಆ ದಾರಿಯಲ್ಲಿ. ಎಲ್ಲವನ್ನೂ ಕಳಚಿದರೂ ಅಂಕಿ ಇಳಿಯದಿದ್ದರೆ, ಫ್ಯೂಸ್ ಪೆಟ್ಟಿಗೆಯನ್ನು ಹಾಯದೆ ಬ್ಯಾಟರಿಗೆ ನೇರವಾಗಿ ಸೇರುವ ಆಲ್ಟರ್ನೇಟರಿನ ಡಯೋಡುಗಳನ್ನು ಶಂಕಿಸಬೇಕು.

ಇನ್ನೊಂದು ಒಗಟು ವಿಚಿತ್ರವಾದುದು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ಸ್ವಿಚ್ಚನ್ನು ದೂಷಿಸುವವರೇ ಹೆಚ್ಚು. ಆದರೆ ತಪ್ಪಿತಸ್ಥ ಸಾಮಾನ್ಯವಾಗಿ ಅರ್ಥ್ ಸಂಪರ್ಕ. ಮರಳುವ ದಾರಿ ತುಕ್ಕಿನಿಂದ ಮುಚ್ಚಿದಾಗ, ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ನುಸುಳಿ ಹೋಗುತ್ತದೆ. ಉಕ್ಕಿನ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಹಲಗೆಗಳನ್ನು ಹೊದಿಸಿದ ಈ ವಾಹನದಲ್ಲಿ, ತೇವ ಸೇರಿದೊಡನೆ ಎರಡು ಲೋಹಗಳು ಕೂಡುವಲ್ಲಿ ಸವೆತ ಆರಂಭವಾಗುತ್ತದೆ. ಅರ್ಧ ಗಂಟೆ ಉಜ್ಜಿ ಶುಚಿಗೊಳಿಸಿದರೆ ಗುಣವಾಗುವ ದೋಷಕ್ಕಾಗಿ ಸಾವಿರಾರು ರೂಪಾಯಿಯ ಬಿಡಿಭಾಗ ಕೊಳ್ಳುವುದು ವ್ಯರ್ಥ.

ಫ್ಯೂಸ್ ಪದೇ ಪದೇ ಸುಟ್ಟಾಗ ಅದಕ್ಕಿಂತ ದಪ್ಪದ ಫ್ಯೂಸ್ ತೊಡಿಸುವುದಂತೂ ಅಪಾಯ. ಫ್ಯೂಸ್ ಸಾಕ್ಷಿ, ಸಾಕ್ಷಿಯ ಬಾಯಿ ಮುಚ್ಚಿಸಿದರೆ ಅಪರಾಧ ಅಳಿಯುವುದಿಲ್ಲ. ಫ್ಯೂಸಿನ ಬದಲು ತಂತಿ ಕಾಯುತ್ತದೆ, ಕೊನೆಗೆ ವಾಹನವೇ ಉರಿಯುತ್ತದೆ.

ಕಾನೂನು ಸಹ ಮೂಲರೂಪಕ್ಕೆ ಬೆಲೆ ಕೊಡುತ್ತದೆ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಗಣನೀಯ ಮಾರ್ಪಾಡಿಲ್ಲದ ವಾಹನ ಮಾತ್ರ ‘ವಿಂಟೇಜ್’ ನೋಂದಣಿಗೆ ಅರ್ಹ. ಮೊದಲ ವರ್ಷಗಳ ರೇಂಜ್ ರೋವರುಗಳು ಈಗ ಆ ವಯಸ್ಸನ್ನು ದಾಟಿವೆ. ಮೂಲವನ್ನು ಕತ್ತರಿಸಿ ಎಸೆದವನಿಗೆ ಓಡುವ ವಾಹನವೊಂದು ದಕ್ಕೀತು. ಪರಂಪರೆಯೊಂದು ದಕ್ಕುವುದು ಮಾತ್ರ ಸಂಶಯ. ತಂತಿಯ ಜಾಡನ್ನು ತಾಳ್ಮೆಯಿಂದ ಹಿಡಿದು ನಡೆದವನಿಗೆ ಎರಡೂ ಉಳಿಯುತ್ತವೆ.