ಮನೆಗೆ ಬಿಸಿನೀರು: ಗೀಸರೋ, ಸೋಲಾರೋ?

ಅಂಜನಾಪುರದಲ್ಲಿ ಸ್ವಂತ ಮನೆಯುಳ್ಳ ಸದಸ್ಯರಿಗೆ ಕೊಠಡಿ ಕಾಯಿಸುವ ಚಿಂತೆಯಿಲ್ಲ. ಇರುವುದು ಸ್ನಾನದ ನೀರಿನದು. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 4.7 ಯೂನಿಟ್ ವಿದ್ಯುತ್ ಬೇಕು. ತಿಂಗಳಿಗೆ 140 ಯೂನಿಟ್. ಇದಕ್ಕೆ ಮನೆಯ ಉಳಿದ ಬಳಕೆ ಸೇರಿದರೆ 200 ದಾಟುವುದು ಸುಲಭ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಡಿ ಹಾಗೆ ದಾಟಿದ ತಿಂಗಳು ಪೂರ್ಣ ಬಿಲ್ಲನ್ನೇ ತೆರಬೇಕು. ಗೀಸರಿನ ನಿಜವಾದ ಖರ್ಚು ಅಡಗಿರುವುದು ಇಲ್ಲಿ.

ಆದ್ದರಿಂದ ಸೋಲಾರೇ ಲಾಭಕರ. ಆದರೆ ದರಪಟ್ಟಿಯನ್ನಷ್ಟೇ ನೋಡಿ ಆರಿಸಬಾರದು. ಕೊಳವೆಬಾವಿಯ ಗಡಸು ನೀರು ಫ್ಲಾಟ್ ಪ್ಲೇಟ್ ಮಾದರಿಯ ಕಿರಿದಾದ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಅಂಥಲ್ಲಿ ಹೀಟ್ ಎಕ್ಸ್‌ಚೇಂಜರ್ ಉಳ್ಳದ್ದನ್ನೋ, ಶುಚಿಗೊಳಿಸಲು ಸುಲಭವಾದ ಗಾಜಿನ ಕೊಳವೆಯ ಮಾದರಿಯನ್ನೋ ಕೊಳ್ಳುವುದು ಲೇಸು. ಮೋಡದ ದಿನಗಳಿಗೆ ಹಳೆಯ ಗೀಸರ್ ಇರಲಿ.

ಮನೆಯ ಹೀಟರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡು ಸವಕಳಿ ಕೇಳುವವರಿದ್ದಾರೆ. ಅದು ವೈಯಕ್ತಿಕ ವೆಚ್ಚ, ಲೆಕ್ಕಪರಿಶೋಧನೆಯಲ್ಲಿ ನಿಲ್ಲದು.